ಮೂರನೇ ತರಗತಿಯ ಮಗು ಓದಬಲ್ಲದೇ?

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ ಬೆಳ್ಮಣ್ ಸಿಗುತ್ತದೆ. ದುರ್ಗಾಪರಮೇಶ್ವರಿ ದೇವಸ್ಥಾನ, ಸಂತ ಜೋಸೆಫರ ಇಗರ್ಜಿ, ಒಂದು ಪುಟ್ಟ ಪೇಟೆ, ಸುತ್ತ ಗದ್ದೆ ತೋಟಗಳು. ನೆರೆಯ ನಂದಳಿಕೆ ಮುದ್ದಣ ಕವಿಯ ಹುಟ್ಟೂರು. 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ಆ ಕವಿ ಜೀವನೋಪಾಯಕ್ಕೆ ಆಶ್ರಯಿಸಿದ್ದು ಶಾಲೆಯ ವ್ಯಾಯಾಮ ಶಿಕ್ಷಕನ ಹುದ್ದೆಯನ್ನು. ಇದೇ ರಸ್ತೆಯಲ್ಲಿ ಕಾರ್ಕಳದತ್ತ ಮುಂದುವರಿದರೆ ನಿಟ್ಟೆ, ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು 1979ರಲ್ಲಿ ಸ್ಥಾಪಿಸಿದ ಶಿಕ್ಷಣ ಟ್ರಸ್ಟ್ ಅಲ್ಲಿ ದೊಡ್ಡ ವಿದ್ಯಾಕೇಂದ್ರವಾಗಿ ಬೆಳೆದಿದೆ. ಉಡುಪಿಯ ಕಡೆ ತಿರುಗಿದರೆ ಮಣಿಪಾಲ; ಟಿ.ಎಂ.ಎ. ಪೈಯವರ ಅಕಾಡೆಮಿ ಆಫ್ ಜನರಲ್ ಎಜುಕೇಷನ್ 1942ರಷ್ಟು ಹಿಂದಿನದು. ಬೆಳ್ಮಣ್ಣಿನ ಮಗುವೊಂದು ಎಂಜಿನಿಯರೋ ವೈದ್ಯನೋ ಆಗಬೇಕೆಂದರೆ ಜಿಲ್ಲೆಯನ್ನು ಬಿಟ್ಟು ಹೋಗಬೇಕಾಗಿಲ್ಲ.

ಅಂಕಿಅಂಶಗಳೂ ಈ ಜಿಲ್ಲೆಯ ಪರವಾಗಿಯೇ ಇವೆ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ಉಡುಪಿ ಜಿಲ್ಲೆಯದು ಶೇ 86.24. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಶೇ 94ರ ಫಲಿತಾಂಶದೊಂದಿಗೆ ಈ ಜಿಲ್ಲೆ ರಾಜ್ಯದಲ್ಲೇ ಮೊದಲ ಸ್ಥಾನ ಪಡೆಯಿತು. ಇಂಥ ಜಿಲ್ಲೆಯಲ್ಲಿ ಪ್ರಾಥಮಿಕ ಶಿಕ್ಷಣದ ಗುಣಮಟ್ಟದ ಪ್ರಶ್ನೆಯನ್ನು ಎತ್ತುವುದೇ ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ಹತ್ತನೇ ತರಗತಿಯ ಫಲಿತಾಂಶ ತಿಳಿಸುವುದು ಹತ್ತು ವರ್ಷ ಹಿಂದೆ ಶಾಲೆಗೆ ಸೇರಿದ ಮಕ್ಕಳ ಕಥೆಯನ್ನು. ಇಂದು ಒಂದನೇ ತರಗತಿಯಲ್ಲಿ, ಅದರಲ್ಲೂ ಇಪ್ಪತ್ತು ಇಪ್ಪತ್ತೈದು ಮಕ್ಕಳಷ್ಟೇ ಉಳಿದಿರುವ ಹಳ್ಳಿಯ ಸರ್ಕಾರಿ ಇಲ್ಲವೇ ಅನುದಾನಿತ ಕನ್ನಡ ಶಾಲೆಯಲ್ಲಿ, ಕುಳಿತಿರುವ ಮಗುವಿನ ಕಥೆಯನ್ನು ಅದು ಹೇಳಲಾರದು.

ಅಂಥ ಶಾಲೆಗಳ ಬಗ್ಗೆ ನಾವು ಬಹಳ ಮಾತನಾಡುತ್ತೇವೆ. ಕಟ್ಟಡ, ಮಕ್ಕಳ ಸಂಖ್ಯೆ, ಮಾಧ್ಯಮ, ಮುಚ್ಚಬೇಕೇ ಉಳಿಸಬೇಕೇ ಎಂಬ ವಾದ ಎಲ್ಲವೂ ನಡೆಯುತ್ತವೆ. ಕೇಳದೆ ಬಿಡುವ ಪ್ರಶ್ನೆ ಒಂದೇ: ಈ ಶಾಲೆಯಲ್ಲಿ ಮೂರನೇ ತರಗತಿ ಮುಗಿಸುವ ಮಗು ಒಂದು ಪುಟ ಕನ್ನಡವನ್ನು ಅರ್ಥವಾಗುವಂತೆ ಓದಬಲ್ಲದೇ? ಉಳಿದೆಲ್ಲ ಪ್ರಶ್ನೆಗಳಿಗಿಂತ ಮೊದಲು ಇದನ್ನು ಕೇಳಬೇಕು ಎಂಬುದೇ ಈ ಲೇಖನದ ಉದ್ದೇಶ.

ಎರಡು ಬೇರೆ ಬೇರೆ ಕಾಯಿಲೆಗಳು

ಮಕ್ಕಳ ಸಂಖ್ಯೆ ಕುಸಿಯುವುದು ಒಂದು ಸಮಸ್ಯೆ. ಇರುವ ಮಕ್ಕಳು ಕಲಿಯದಿರುವುದು ಇನ್ನೊಂದು ಸಮಸ್ಯೆ. ಇವೆರಡನ್ನೂ ಒಂದೇ ಎಂದು ಭಾವಿಸಿರುವುದರಿಂದ ಔಷಧ ತಪ್ಪುತ್ತಿದೆ.

ಸಂಖ್ಯೆ ಕುಸಿಯಲು ಶಾಲೆಯೊಂದೇ ಕಾರಣವಲ್ಲ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಬೆಳೆದರೆ ಉಡುಪಿ ಜಿಲ್ಲೆಯಲ್ಲಿ ಆ ಬೆಳವಣಿಗೆ ಶೇ 6ರಷ್ಟೂ ಇರಲಿಲ್ಲ. ಇಲ್ಲಿ ಹುಟ್ಟುವ ಮಕ್ಕಳೇ ಕಡಿಮೆ. ಹುಟ್ಟಿದವರಲ್ಲಿ ಹಲವರು ತಂದೆತಾಯಿಯ ಜೊತೆ ಮುಂಬಯಿಗೋ ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋಗುತ್ತಾರೆ. ಉಳಿದವರಲ್ಲಿ ಬಹುಪಾಲು ಮಕ್ಕಳನ್ನು ಬೆಳಗಿನ ಹಳದಿ ಬಸ್ಸುಗಳು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಿಗೆ ಒಯ್ಯುತ್ತವೆ. ಇದಕ್ಕೆ ಸರ್ಕಾರ ಕೊಟ್ಟ ಉತ್ತರಗಳು ಹಲವು: 2007–08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು, 2018–19ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳು ಆರಂಭವಾದವು, 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಇವೆಲ್ಲ ಪೋಷಕರನ್ನು ಸೆಳೆಯುವ ಕ್ರಮಗಳು. ಬಂದ ಮಗು ಏನು ಕಲಿಯಿತು ಎಂಬುದಕ್ಕೆ ಇವು ಉತ್ತರವಲ್ಲ.

ಸರ್ಕಾರಿ ಶಾಲೆ ಮತ್ತೆ ಮಕ್ಕಳನ್ನು ಸೆಳೆಯಲಾರದು ಎಂದೂ ಹೇಳುವಂತಿಲ್ಲ. ನೆರೆಯ ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡು ಶಾಲೆ ಮುಚ್ಚುವ ಹಂತದಲ್ಲಿದ್ದಾಗ ಊರಿನ ಯುವಕರ ಸಂಘಟನೆಯೊಂದು ಅದನ್ನು ದತ್ತು ತೆಗೆದುಕೊಂಡು ನೂರಾರು ಮಕ್ಕಳ ಶಾಲೆಯನ್ನಾಗಿ ಮಾಡಿತು. ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರು ತಮ್ಮೂರಿಗೆ ಶಾಲೆ ತಂದದ್ದು, ಅದಕ್ಕಾಗಿ 2020ರ ಪದ್ಮಶ್ರೀ ಅವರಿಗೆ ಸಂದದ್ದು ನಾಡಿಗೇ ಗೊತ್ತು. ನಮ್ಮ ಗಡಿಗೆ ಅಂಟಿಕೊಂಡಿರುವ ಕೇರಳ 2017ರಲ್ಲಿ ಸಾರ್ವಜನಿಕ ಶಿಕ್ಷಣ ಸಂರಕ್ಷಣೆಯ ಆಂದೋಲನವನ್ನೇ ಕೈಗೊಂಡು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಕ್ಕಳು ಮರಳುವಂತೆ ಮಾಡಿತು. ಈ ಉದಾಹರಣೆಗಳು ಜನರ ವಿಶ್ವಾಸವನ್ನು ಮರಳಿ ಗಳಿಸಬಹುದೆಂದು ತೋರಿಸುತ್ತವೆ. ಗಳಿಸಿದ ವಿಶ್ವಾಸ ಉಳಿಯುವುದು ಮಾತ್ರ ತರಗತಿಯ ಒಳಗೆ ಏನು ನಡೆಯುತ್ತದೆ ಎಂಬುದರ ಮೇಲೆ.

ಕರಾವಳಿಯಲ್ಲಿ ಶಾಲೆಯ ಮೇಲಿನ ಪ್ರೀತಿಗೆ ಕೊರತೆಯಿಲ್ಲ. ಶತಮಾನೋತ್ಸವ ಆಚರಿಸಿದ ಪ್ರಾಥಮಿಕ ಶಾಲೆಗಳು ಇಲ್ಲಿ ಹೆಜ್ಜೆಗೊಂದು ಇವೆ. ಮುಂಬಯಿಯಲ್ಲಿ ಹೋಟೆಲು ನಡೆಸಿ, ಕೊಲ್ಲಿಯಲ್ಲಿ ದುಡಿದು ಅನುಕೂಲವಂತರಾದ ಹಳೆ ವಿದ್ಯಾರ್ಥಿಗಳು ಊರಿನ ಶಾಲೆಗೆ ರಂಗಮಂದಿರ, ಆವರಣ ಗೋಡೆ, ಸ್ವಾಗತ ಗೋಪುರ, ಕಂಪ್ಯೂಟರು ಕೊಟ್ಟಿದ್ದಾರೆ. ಈ ಔದಾರ್ಯಕ್ಕೆ ನಮಸ್ಕರಿಸಲೇಬೇಕು. ಆದರೆ ದಾನಿಗಳ ಹೆಸರಿನ ಶಿಲಾಫಲಕ ಇರುವ ಅನೇಕ ಶಾಲೆಗಳಲ್ಲಿ ಈಗ ಕೊರತೆಯಿರುವುದು ಗೋಡೆಯದಲ್ಲ, ಶಿಕ್ಷಕರ ಸಮಯದ್ದು.

ಎಂಟುನೂರು ಗಂಟೆಗಳ ಲೆಕ್ಕ

ಅರ್ಥಶಾಸ್ತ್ರ ಓದಿದವರಿಗೆ ವಿರಳ ಸಂಪನ್ಮೂಲ ಯಾವುದು ಎಂದು ಹುಡುಕುವ ಅಭ್ಯಾಸ. ಪ್ರಾಥಮಿಕ ಶಾಲೆಯಲ್ಲಿ ಅದು ಶಿಕ್ಷಕರು ಮಗುವಿನೊಡನೆ ಕಳೆಯುವ ಗಂಟೆ. ಇದನ್ನೊಮ್ಮೆ ಲೆಕ್ಕ ಹಾಕಿ ನೋಡೋಣ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಬೋಧನೆ ನಡೆಯಬೇಕು. ಅದೇ ಕಾಯ್ದೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕೆನ್ನುತ್ತದೆ. ಐದು ತರಗತಿಗಳು, 25 ಮಕ್ಕಳು, ಇಬ್ಬರು ಶಿಕ್ಷಕರಿರುವ ಶಾಲೆಯೊಂದನ್ನು ಕಲ್ಪಿಸಿಕೊಳ್ಳಿ. 12 ಅಥವಾ 13 ಮಕ್ಕಳಿಗೆ ಒಬ್ಬ ಶಿಕ್ಷಕ. ಕಾಗದದ ಮೇಲೆ ಇದು ದುಬಾರಿ ಖಾಸಗಿ ಶಾಲೆಗಳಿಗೂ ದಕ್ಕದ ಅನುಪಾತ. ಆದರೆ ಇಬ್ಬರಿಂದ ವರ್ಷಕ್ಕೆ ದೊರೆಯುವುದು 1,600 ಬೋಧನಾ ಗಂಟೆ. ಐದೂ ತರಗತಿಗಳಿಗೆ ಬೇರೆ ಬೇರೆಯಾಗಿ ಪಾಠ ಮಾಡಿದರೆ ಪ್ರತಿ ತರಗತಿಯ ಪಾಲಿಗೆ ಬರುವುದು 320 ಗಂಟೆ. ಮುಖ್ಯ ಶಿಕ್ಷಕರ ಕಾಲು ಭಾಗದ ಸಮಯ ಸಭೆ, ತರಬೇತಿ, ಲೆಕ್ಕಪತ್ರಕ್ಕೆ ಹೋಯಿತೆಂದು ಹಿಡಿದರೆ ಅದು 280ಕ್ಕೆ ಇಳಿಯುತ್ತದೆ. ಅಂದರೆ ಕಾಯ್ದೆ ಭರವಸೆಯಿತ್ತ ಸಮಯದಲ್ಲಿ ಶೇ 35 ಮಾತ್ರ. ಉಳಿದ ಹೊತ್ತು ಮಗು ಶಾಲೆಯಲ್ಲಿ ಇರುತ್ತದೆ, ಪಾಠದಲ್ಲಿ ಇರುವುದಿಲ್ಲ. ಅದು ಬೋರ್ಡಿನಲ್ಲಿರುವುದನ್ನು ನಕಲು ಮಾಡುತ್ತದೆ, ಮಗ್ಗಿ ಬಾಯಿಪಾಠ ಹೇಳುತ್ತದೆ, ಕಿಟಕಿಯಾಚೆ ನೋಡುತ್ತದೆ.

ಇದಕ್ಕೆ ಶಿಕ್ಷಕರನ್ನು ದೂರುವುದು ಸುಲಭ. 2003ರಲ್ಲಿ ದೇಶದಾದ್ಯಂತ ಮುನ್ಸೂಚನೆಯಿಲ್ಲದೆ ಭೇಟಿ ಕೊಟ್ಟು ನಡೆಸಿದ ಸಮೀಕ್ಷೆಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರಲ್ಲಿ ನಾಲ್ವರಲ್ಲೊಬ್ಬರು ಶಾಲೆಯಲ್ಲಿರಲಿಲ್ಲ ಎಂಬ ಅಂಶ ಆ ದಶಕದ ಚರ್ಚೆಯನ್ನೆಲ್ಲ ಆವರಿಸಿಕೊಂಡಿತು. ಆದರೆ ಗೈರುಹಾಜರಿಗೆ ಕಾರಣವೇನೆಂದು ವಿಂಗಡಿಸಿ ನೋಡಿದಾಗ ಚಿತ್ರ ಬದಲಾಗುತ್ತದೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಆರು ರಾಜ್ಯಗಳ 619 ಶಾಲೆಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರಣವಿಲ್ಲದೆ ತಪ್ಪಿಸಿಕೊಂಡ ಶಿಕ್ಷಕರು ಶೇ 2.5 ಮಾತ್ರ. ಶಾಲೆಯಲ್ಲಿಲ್ಲದ ಉಳಿದವರು ರಜೆಯಲ್ಲಿದ್ದರು, ಇಲ್ಲವೇ ಇಲಾಖೆಯೇ ವಹಿಸಿದ ಕೆಲಸದ ಮೇಲೆ ಹೋಗಿದ್ದರು.

ಆ ಕೆಲಸಗಳ ಪಟ್ಟಿ ಸಣ್ಣದಲ್ಲ. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದ ಅಕ್ಷರ ದಾಸೋಹ, 2013ರ ಕ್ಷೀರಭಾಗ್ಯ, ಆಮೇಲಿನ ಮೊಟ್ಟೆ ಇವೆಲ್ಲ ಮಕ್ಕಳಿಗೆ ಅಗತ್ಯವಾದವು. ಅವುಗಳ ಬಗ್ಗೆ ಎರಡು ಮಾತಿಲ್ಲ. ಆದರೆ ಅಕ್ಕಿಯ ದಾಸ್ತಾನು, ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಬಿಲ್ಲು, ಮಕ್ಕಳ ವಿವರವನ್ನು ಜಾಲತಾಣಕ್ಕೆ ತುಂಬಿಸುವುದು, ಚುನಾವಣಾ ಪಟ್ಟಿ, ಸಮೀಕ್ಷೆ ಎಲ್ಲವೂ ಬಂದು ನಿಲ್ಲುವುದು ಇಬ್ಬರು ಶಿಕ್ಷಕರ ಮೇಜಿನ ಮೇಲೆ. ಆಡಳಿತದಲ್ಲಿ ದುಡಿದವರಿಗೆ ಗೊತ್ತಿರುವಂತೆ, ಪ್ರತಿಯೊಂದು ಇಲಾಖೆಗೂ ತಾನು ಕೇಳುವ ನಮೂನೆ ಒಂದೇ ಒಂದು. ಅವೆಲ್ಲ ಸೇರಿ ಎಷ್ಟಾಗುತ್ತವೆ ಎಂಬುದು ಕೊನೆಯಲ್ಲಿ ಕುಳಿತವರಿಗೆ ಮಾತ್ರ ತಿಳಿಯುತ್ತದೆ.

ಅನುದಾನಿತ ಶಾಲೆಗಳ ಸಂಕಟ ಇನ್ನೊಂದು ಬಗೆಯದು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಶಿಕ್ಷಣ ಹಬ್ಬಿದ್ದರಲ್ಲಿ ಖಾಸಗಿ ಪ್ರಯತ್ನದ ಪಾಲು ದೊಡ್ಡದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಶಾಲೆಗಳು, ಇಗರ್ಜಿಯ ಶಾಲೆಗಳು, ಊರ ಹಿರಿಯರು ತಮ್ಮ ಜಾಗದಲ್ಲಿ ಕಟ್ಟಿದ ಶಾಲೆಗಳು ಇಲ್ಲಿ ಹಳ್ಳಿಹಳ್ಳಿಯಲ್ಲಿದ್ದವು. ಇವತ್ತು ಅಂಥ ಶಾಲೆಗಳಲ್ಲಿ ನಿವೃತ್ತಿಯಿಂದ ತೆರವಾದ ಹುದ್ದೆಗಳು ವರ್ಷಾನುಗಟ್ಟಲೆ ಭರ್ತಿಯಾಗುವುದಿಲ್ಲ. ಆಡಳಿತ ಮಂಡಳಿಯೋ ಹಳೆ ವಿದ್ಯಾರ್ಥಿಗಳೋ ಕೊಡುವ ಅಲ್ಪ ಸಂಭಾವನೆಗೆ ದುಡಿಯುವ ಗೌರವ ಶಿಕ್ಷಕಿಯರೇ ಶಾಲೆಯ ಭಾರ ಹೊತ್ತಿದ್ದಾರೆ.

ಮಗುವಿನ ಭಾಷೆ ಯಾವುದು?

ಮಾಧ್ಯಮದ ವಿವಾದದಲ್ಲಿ ನಾವು ಕನ್ನಡ ಮತ್ತು ಇಂಗ್ಲಿಷ್ ಎಂಬ ಎರಡೇ ಪಕ್ಷಗಳನ್ನು ಕಾಣುತ್ತೇವೆ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟ ಮೇಲೆ ಕಾನೂನಿನ ಮಟ್ಟಿಗೆ ಆ ವ್ಯಾಜ್ಯ ಮುಗಿಯಿತು. ಆದರೆ ಬೆಳ್ಮಣ್ಣಿನಂಥ ಊರಿನ ತರಗತಿಯಲ್ಲಿ ಪ್ರಶ್ನೆ ಅಷ್ಟು ಸರಳವಾಗಿಲ್ಲ. ಇಲ್ಲಿನ ಹೆಚ್ಚಿನ ಮಕ್ಕಳ ಮನೆಮಾತು ತುಳು. ಕೆಲವರದು ಕೊಂಕಣಿ, ಕೆಲವರದು ಬ್ಯಾರಿ. ಜೊತೆಗೆ ಕರಾವಳಿಯ ಅನೇಕ ಸರ್ಕಾರಿ ಶಾಲೆಗಳಲ್ಲಿ ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳಿದ್ದಾರೆ. ಅವರ ಮಾತು ಕನ್ನಡವೇ ಹೌದು, ಆದರೆ ಅವರು ಆಡುವ ಕನ್ನಡವೂ ಪಠ್ಯಪುಸ್ತಕದ ಕನ್ನಡವೂ ಬೇರೆ. ಕೆಲಸ ಮುಗಿದು ತಂದೆತಾಯಿ ಬೇರೆಡೆಗೆ ಹೊರಟರೆ ಈ ಮಕ್ಕಳು ವರ್ಷದ ನಡುವೆಯೇ ಶಾಲೆ ಬಿಡಬೇಕಾಗುತ್ತದೆ.

ತುಳು ಮಾತನಾಡುವ ಆರು ವರ್ಷದ ಮಗುವಿಗೆ ಕನ್ನಡ ಎರಡನೆಯ ಭಾಷೆ. ಅದು ಕನ್ನಡವನ್ನು ಕಲಿಯುತ್ತಲೇ ಕನ್ನಡದಲ್ಲಿ ಓದುವುದನ್ನೂ ಕಲಿಯಬೇಕು. ಹಳೆಯ ಶಿಕ್ಷಕರು ಇದನ್ನು ಬಲ್ಲವರಾಗಿದ್ದರು. ತುಳುವಿನಲ್ಲಿ ಮಾತನಾಡಿಸಿ, ಕನ್ನಡದಲ್ಲಿ ಓದಿಸುತ್ತಿದ್ದರು. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಶಿಕ್ಷಕಿಗೆ ಆ ಸೇತುವೆ ಇರುವುದಿಲ್ಲ. ಅವರು ತುಳುವಿನ ಒಂದು ನೂರು ಮಾತನ್ನಾದರೂ ಕಲಿಯುವಂತೆ ಮಾಡುವ ಸಣ್ಣ ತರಬೇತಿಯೊಂದು ಇಲಾಖೆಗೆ ಏನೂ ಭಾರವಾಗದು.

ಕನ್ನಡ ಲಿಪಿಯದೇ ಆದ ಇನ್ನೊಂದು ಸಂಗತಿಯಿದೆ. ಇಂಗ್ಲಿಷಿನ 26 ಅಕ್ಷರಗಳ ಹಾಗಲ್ಲ ಇದು. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡದ ಆರಂಭಿಕ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಈ ಕಲಿಕೆ ಎರಡು ವರ್ಷಗಳಲ್ಲಿ ಮುಗಿಯುವಂಥದ್ದಲ್ಲ, ನಾಲ್ಕನೇ ತರಗತಿಯವರೆಗೂ ಅದರಾಚೆಗೂ ಮುಂದುವರಿಯುತ್ತದೆ ಎಂದು ತೋರಿಸಿತು. ನಮ್ಮ ಪಠ್ಯಪುಸ್ತಕಗಳಾದರೋ ಮೂರನೇ ತರಗತಿಯ ವೇಳೆಗೆ ಮಗು ಓದಲು ಕಲಿತಾಗಿದೆ, ಇನ್ನು ಓದಿ ವಿಷಯ ತಿಳಿದುಕೊಳ್ಳುತ್ತದೆ ಎಂದು ಭಾವಿಸಿ ಮುಂದೆ ನಡೆದುಬಿಡುತ್ತವೆ. ಒತ್ತಕ್ಷರದಲ್ಲಿ ಎಡವಿದ ಮಗು ಅಲ್ಲಿಯೇ ಉಳಿಯುತ್ತದೆ.

ದೂರದ ಕೆನ್ಯಾದ ಅನುಭವವೊಂದು ಇಲ್ಲಿ ಉಪಯುಕ್ತ. ಅಲ್ಲಿನ ಗ್ರಾಮೀಣ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಕೊಟ್ಟು ಪರಿಣಾಮವನ್ನು ಅಳೆದ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರಿಗೆ, ಮೊದಲೇ ಮುಂದಿದ್ದ ಮಕ್ಕಳಿಗಷ್ಟೇ ಅದರಿಂದ ಪ್ರಯೋಜನವಾದದ್ದು ಕಂಡಿತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಬಹಳಷ್ಟು ಮಕ್ಕಳಿಗೆ ಅದು ಮೂರನೆಯ ಭಾಷೆಯಾಗಿತ್ತು. ಪುಸ್ತಕ ಕೈಗೆ ಬಂದರೂ ಅವರಿಗೆ ಅದು ತೆರೆದುಕೊಳ್ಳಲಿಲ್ಲ. ಪಾಠ ಮಗುವಿರುವಲ್ಲಿಗೆ ಬರದಿದ್ದರೆ ಸೌಕರ್ಯಗಳು ಹೆಚ್ಚಿದರೂ ಕಲಿಕೆ ಹೆಚ್ಚುವುದಿಲ್ಲ.

ನಮ್ಮಲ್ಲೇ ಹುಟ್ಟಿದ ಮಾರ್ಗ

ಒಬ್ಬ ಶಿಕ್ಷಕಿ, ಹಲವು ತರಗತಿ ಎಂಬುದು ಹೊಸ ಸಂಕಷ್ಟವೇನಲ್ಲ. ಐಗಳ ಮಠಗಳಲ್ಲಿ ಒಬ್ಬರೇ ಐಗಳು. ದೊಡ್ಡ ಹುಡುಗರು ಚಿಕ್ಕವರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮದರಾಸಿನಲ್ಲಿ ಅನಾಥಾಲಯದ ಶಾಲೆಯ ಹೊಣೆ ಹೊತ್ತಿದ್ದ ಆಂಡ್ರ್ಯೂ ಬೆಲ್ ಈ ಪದ್ಧತಿಯನ್ನು ಬಳಸಿ, 1797ರಲ್ಲಿ ಅದರ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ಇಂಗ್ಲೆಂಡಿನ ಶಾಲೆಗಳಲ್ಲಿ ಅದು ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು. ಕೊಲಂಬಿಯಾ ದೇಶ 1970ರ ದಶಕದಲ್ಲಿ ತನ್ನ ಗುಡ್ಡಗಾಡಿನ ಸಣ್ಣ ಶಾಲೆಗಳಿಗೆ ‘ಎಸ್ಕುವೆಲಾ ನುವೆವಾ’, ಅಂದರೆ ಹೊಸ ಶಾಲೆ, ಎಂಬ ಬಹುತರಗತಿ ಬೋಧನೆಯ ಕ್ರಮವನ್ನು ರೂಪಿಸಿತು.

ಕರ್ನಾಟಕ ಇದಕ್ಕೆ ಕಂಡುಕೊಂಡ ಉತ್ತರ ನಲಿ–ಕಲಿ. ಮದನಪಲ್ಲೆ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಇದನ್ನು ಆರಂಭಿಸಿದರು. ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ, ಕಾರ್ಡುಗಳಾಗಿ ಒಡೆದು, ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವಂತೆ ಮಾಡುವುದು ಇದರ ತಿರುಳು. ಮೇಲೆ ಹಾಕಿದ ಲೆಕ್ಕವನ್ನು ಇದು ಬದಲಿಸುತ್ತದೆ: ಮೂರು ತರಗತಿಗಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತರೆ ಶಿಕ್ಷಕಿಯ 800 ಗಂಟೆಯೂ ಆ ಎಲ್ಲ ಮಕ್ಕಳದ್ದಾಗುತ್ತದೆ. 2009–10ರಿಂದ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಆದರೆ ಶಿಕ್ಷಕರೇ ಕಟ್ಟಿದ ಒಂದು ತಾಲ್ಲೂಕಿನ ಪ್ರಯೋಗ ಆದೇಶದ ಮೂಲಕ ರಾಜ್ಯಕ್ಕೆಲ್ಲ ಹರಡುವಾಗ ಸಹಜವಾಗಿ ಏನಾಗುತ್ತದೋ ಅದು ಇಲ್ಲಿಯೂ ಆಯಿತು. ಕಾರ್ಡುಗಳು ತಲುಪಿದಷ್ಟು ಸುಲಭವಾಗಿ ಅದರ ಹಿಂದಿನ ಉತ್ಸಾಹ ತಲುಪಲಿಲ್ಲ.

ಹಿಂದೆ ಬಿದ್ದ ಮಕ್ಕಳನ್ನು ಮೇಲೆತ್ತುವ ಬಗೆಗೂ ಈಗ ಗಟ್ಟಿಯಾದ ಪುರಾವೆಯಿದೆ. 2001ರಿಂದ 2003ರವರೆಗೆ ಮುಂಬಯಿ ಮತ್ತು ವಡೋದರದಲ್ಲಿ ‘ಪ್ರಥಮ್’ ಸಂಸ್ಥೆಯ ‘ಬಾಲಸಖಿ’ಯರು, ಅಂದರೆ ಸ್ಥಳೀಯ ಯುವತಿಯರು, ಮೂರು ಮತ್ತು ನಾಲ್ಕನೇ ತರಗತಿಯ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿಕೊಂಡು ಕಲಿಸಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಅಳೆದಾಗ ಅತ್ಯಂತ ಹಿಂದಿದ್ದ ಮಕ್ಕಳೇ ಹೆಚ್ಚು ಮುಂದೆ ಬಂದಿದ್ದರು. ಕ್ರೆಮರ್ ಜೊತೆ ಈ ಇಬ್ಬರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಾಗ ಇಂಥ ಪ್ರಯೋಗಗಳ ಹೆಸರು ಎಲ್ಲೆಡೆ ಕೇಳಿಬಂತು. ಅವರ ಮುಂದಿನ ಅನುಭವ ನಮಗೆ ಇನ್ನೂ ಮುಖ್ಯ. ಶಿಕ್ಷಕರಿಗೆ ತರಬೇತಿ ಕೊಟ್ಟು ಸುಮ್ಮನೆ ಬಿಟ್ಟ ಕಡೆ ಫಲ ಕಾಣಲಿಲ್ಲ. ಹರಿಯಾಣದಲ್ಲಿ ದಿನದ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ತರಗತಿಯ ಭೇದವಿಲ್ಲದೆ ಕಲಿಕೆಯ ಮಟ್ಟಕ್ಕೆ ಅನುಗುಣವಾಗಿ ಮಕ್ಕಳನ್ನು ಗುಂಪು ಮಾಡಿ, ಮೇಲ್ವಿಚಾರಕರೂ ಜೊತೆಗೆ ನಿಂತಾಗ ಓದು ಸುಧಾರಿಸಿತು.

ಈ ತುರ್ತಿಗೆ ಇನ್ನೊಂದು ಕಾರಣವೂ ಇದೆ. 2020ರ ಮಾರ್ಚಿನಿಂದ ಶಾಲೆಗಳು ಮುಚ್ಚಿದ್ದ ಕಾಲದ ನಷ್ಟವನ್ನು ತುಂಬಲು ರಾಜ್ಯ ಸರ್ಕಾರ 2022–23ನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಕರೆಯಿತು. ‘ಅಸರ್’ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಶಾಲೆಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2022ರಲ್ಲಿ ಶೇ 16.3 ಇದ್ದದ್ದು 2024ರಲ್ಲಿ ಶೇ 23.4ಕ್ಕೆ ಏರಿದೆ. ಚೇತರಿಕೆ ನಿಜ. ಆದರೂ ನಾಲ್ವರಲ್ಲಿ ಮೂವರು ಇನ್ನೂ ಓದಲಾರರು. ಮೂರನೇ ತರಗತಿಯ ಕೊನೆಗೆ ಎಲ್ಲ ಮಕ್ಕಳೂ ಓದಬೇಕು ಎಂಬುದೇ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ‘ನಿಪುಣ್ ಭಾರತ್’ನ ಗುರಿ, ಅದಕ್ಕಿಟ್ಟ ಗಡುವು 2026–27.

ಊರು ಏನು ಮಾಡಬಹುದು?

ಮೊದಲನೆಯದು, ಕೇಳುವುದು. 2001ರಿಂದ ನಮ್ಮ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬುದೊಂದಿದೆ. ಅದರ ಸಭೆಗಳಲ್ಲಿ ಅಭಿವೃದ್ಧಿಯ ಮಾತು ನಡೆದಷ್ಟು ಮೇಲುಸ್ತುವಾರಿಯ ಮಾತು ನಡೆಯುವುದಿಲ್ಲ. ಆಗಸ್ಟಿನಲ್ಲೊಮ್ಮೆ, ಫೆಬ್ರವರಿಯಲ್ಲೊಮ್ಮೆ, ಎರಡರಿಂದ ಐದನೇ ತರಗತಿಯ ಪ್ರತಿ ಮಗುವೂ ಪಾಠಪುಸ್ತಕದ ಹೊರಗಿನ ಒಂದು ಸರಳ ಪುಟವನ್ನು ಓದಲಿ. ಓದಿದ್ದೇನೆಂದು ತನ್ನ ಮಾತಿನಲ್ಲಿ, ಬೇಕಿದ್ದರೆ ತುಳುವಿನಲ್ಲೇ, ಹೇಳಲಿ. ಎಷ್ಟು ಮಕ್ಕಳು ಅಕ್ಷರದಲ್ಲಿದ್ದಾರೆ, ಎಷ್ಟು ಮಕ್ಕಳು ಪದದಲ್ಲಿದ್ದಾರೆ, ಎಷ್ಟು ಮಕ್ಕಳು ಪುಟ ಓದುತ್ತಾರೆ ಎಂಬ ಮೂರು ಸಂಖ್ಯೆಗಳು ಸಭೆಯ ನಡಾವಳಿಯಲ್ಲಿ ದಾಖಲಾಗಲಿ. ನಿಪುಣ್ ಗುರಿಯಲ್ಲಿರುವ ನಿಮಿಷಕ್ಕೆ 60 ಪದವೆಂಬ ಅಳತೆಯನ್ನು ಹಾಗೆಯೇ ಹಿಡಿದುಕೊಳ್ಳಬೇಕಿಲ್ಲ. ವಿಭಕ್ತಿ ಪ್ರತ್ಯಯಗಳನ್ನೆಲ್ಲ ಅಂಟಿಸಿಕೊಂಡು ನೀಳವಾಗುವ ಕನ್ನಡದ ಪದಕ್ಕೆ ಆ ವೇಗ ಒಗ್ಗುವುದು ಕಷ್ಟ. ಅರ್ಥವಾಗಿ ಓದಿದರೆ ಸಾಕು.

ಇಲ್ಲೊಂದು ಎಚ್ಚರವೂ ಬೇಕು. ಈ ಸಂಖ್ಯೆಗಳನ್ನು ಶಿಕ್ಷಕರ ಸಂಬಳಕ್ಕೋ ಶಿಕ್ಷೆಗೋ ಗಂಟು ಹಾಕಬಾರದು. ಇಂಗ್ಲೆಂಡ್ 1862ರಲ್ಲಿ ಮಕ್ಕಳು ಉತ್ತೀರ್ಣರಾದಂತೆ ಶಾಲೆಗೆ ಹಣ ಎಂಬ ನಿಯಮ ತಂದಿತು. ಮದರಾಸು ಪ್ರಾಂತ್ಯದಲ್ಲಿಯೂ ಫಲಿತಾಂಶದ ಮೇಲಿನ ಅನುದಾನ ಪದ್ಧತಿ ಇತ್ತು. ಪರೀಕ್ಷಕನೆದುರು ಒಪ್ಪಿಸಲು ಬೇಕಾದ ಬಾಯಿಪಾಠವನ್ನು ಅದು ಬೆಳೆಸಿತು. ಜ್ವರ ಅಳೆಯುವುದು ಔಷಧ ಕೊಡುವುದಕ್ಕಾಗಿ; ಜ್ವರ ಬಂದವನಿಗೆ ದಂಡ ಹಾಕುವುದಕ್ಕಲ್ಲ.

ಎರಡನೆಯದು, ದಿನಕ್ಕೊಂದು ಗಂಟೆ. ಬೆಳಗಿನ ಮೊದಲ ಗಂಟೆ ಎರಡರಿಂದ ಐದನೇ ತರಗತಿಯ ಮಕ್ಕಳು ತಮ್ಮ ತರಗತಿ ಬಿಟ್ಟು, ಓದಿನ ಮಟ್ಟಕ್ಕೆ ತಕ್ಕಂತೆ ಕೂರಲಿ. ಐದನೇ ತರಗತಿಯ ಮಗು ಒತ್ತಕ್ಷರದ ಗುಂಪಿನಲ್ಲಿ ಕೂರಬೇಕಾದರೆ ಕೂರಲಿ. ಆರು ತಿಂಗಳಲ್ಲಿ ಅದು ಮೇಲೆ ಹೋಗಬಹುದು. ಆ ಒಂದು ಗಂಟೆ ಮುಖ್ಯ ಶಿಕ್ಷಕರ ದೂರವಾಣಿಗೆ ಇಲಾಖೆಯ ಕರೆ ಬರಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿರಿಯ ತರಗತಿಗಳ ಶಿಕ್ಷಕರನ್ನು ಅನ್ಯ ಕೆಲಸಕ್ಕೆ ನಿಯೋಜಿಸುವುದಿಲ್ಲ ಎಂಬ ಒಂದು ಆದೇಶ, ಹತ್ತು ಶಾಲೆಗಳ ಲೆಕ್ಕಪತ್ರ ನೋಡಿಕೊಳ್ಳಲು ಒಬ್ಬ ಗುಮಾಸ್ತ. ಸರ್ಕಾರ ಇಷ್ಟು ಮಾಡಿದರೆ ಎಷ್ಟೋ ಗಂಟೆಗಳು ಮಕ್ಕಳಿಗೆ ಮರಳುತ್ತವೆ.

ಮೂರನೆಯದು, ದಾನದ ದಿಕ್ಕು. ಹಳೆ ವಿದ್ಯಾರ್ಥಿ ಸಂಘವೊಂದು 20 ಲಕ್ಷ ರೂಪಾಯಿಯನ್ನು ರಂಗಮಂದಿರಕ್ಕೆ ಹಾಕುವ ಬದಲು ಬ್ಯಾಂಕಿನಲ್ಲಿ ಶಾಶ್ವತ ನಿಧಿಯಾಗಿ ಇಟ್ಟಿತೆಂದುಕೊಳ್ಳಿ. ಶೇ 6.5ರ ಬಡ್ಡಿ ಸಿಕ್ಕರೆ ವರ್ಷಕ್ಕೆ 1.30 ಲಕ್ಷ, ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 13,000. ಊರಿನ ಪದವೀಧರೆಯೊಬ್ಬಳು, ತುಳುವೂ ಕನ್ನಡವೂ ಬಲ್ಲವಳು, ಮೂರನೆಯ ಶಿಕ್ಷಕಿಯಾಗಿ ನಿಲ್ಲಬಹುದು. ಬೆಲೆಯೇರಿಕೆಯಿಂದ ಈ ಮೊತ್ತ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಆದ್ದರಿಂದ ನಿಧಿಗೆ ಆಗಾಗ ಸೇರಿಸುತ್ತಿರಬೇಕು. ಸರ್ಕಾರ ಹುದ್ದೆ ತುಂಬುವ ಹೊಣೆಯಿಂದ ಇದು ಯಾವತ್ತೂ ಬಿಡುಗಡೆ ಕೊಡದು. ಆದರೆ ಹುದ್ದೆ ತುಂಬುವ ತನಕ ಆರು ವರ್ಷದ ಮಗು ಕಾದು ಕೂರಲಾರದು.

ನಾಲ್ಕನೆಯದು ಅಪ್ರಿಯವಾದ ಮಾತು. ಏಳೋ ಎಂಟೋ ಮಕ್ಕಳು ಉಳಿದ ಎರಡು ಶಾಲೆಗಳು ಹತ್ತಿರದಲ್ಲೇ ಇದ್ದರೆ, ಅವನ್ನು ಒಂದುಗೂಡಿಸಿ ನಾಲ್ವರು ಶಿಕ್ಷಕರ ಒಂದು ಒಳ್ಳೆಯ ಶಾಲೆ ನಡೆಸುವುದು ಮಕ್ಕಳ ದೃಷ್ಟಿಯಿಂದ ಸರಿಯಿರಬಹುದು. ಆದರೆ ಮೊದಲು ವಾಹನ, ಆಮೇಲೆ ವಿಲೀನ. ಕರಾವಳಿಯ ಮಳೆಗಾಲದಲ್ಲಿ ಒಂದು ಕಿಲೋಮೀಟರ್ ಎಂಬುದು ನಕಾಶೆಯ ಮೇಲಿನ ಒಂದು ಕಿಲೋಮೀಟರ್ ಅಲ್ಲ. 2022ರ ಆಗಸ್ಟಿನಲ್ಲಿ ಇದೇ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೇ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಶಾಲೆಗಳ ವಿಲೀನದ ಕಡತಕ್ಕೆ ಸಹಿ ಹಾಕುವವರ ಮನಸ್ಸಿನಲ್ಲಿ ಆ ಕಾಲುಸಂಕ ಇರಬೇಕು.

ಈ ಶಾಲೆಗಳಲ್ಲಿ ಇವತ್ತು ಉಳಿದಿರುವವರು ಬೇರೆ ಆಯ್ಕೆಯಿಲ್ಲದ ಮನೆಗಳ ಮಕ್ಕಳು: ಕೂಲಿ ಮಾಡುವವರ, ಬೀಡಿ ಕಟ್ಟುವವರ, ಊರು ಬಿಟ್ಟು ಬಂದವರ ಮಕ್ಕಳು. ಹಿಂದೆ ಗುತ್ತಿನ ಮನೆಯ ಹುಡುಗನೂ ಒಕ್ಕಲಿನ ಹುಡುಗನೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದಾಗ ಶಾಲೆಯ ಪರವಾಗಿ ದನಿಯೆತ್ತಬಲ್ಲವರು ಪೋಷಕರಲ್ಲೇ ಇದ್ದರು. ಈಗ ಅವರ ಮಕ್ಕಳು ಹಳದಿ ಬಸ್ಸಿನಲ್ಲಿದ್ದಾರೆ. ಆದ್ದರಿಂದ ಕೇಳುವ ಹೊಣೆ ಆ ಶಾಲೆಯಲ್ಲಿ ಮಕ್ಕಳಿಲ್ಲದ ನಮ್ಮಂಥವರ ಮೇಲೂ ಇದೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿಕೊಂಡು ಬರುವಾಗ ಮೂರನೇ ತರಗತಿಯ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸಿ ನೋಡಬಹುದು. ಅದು ಓದಿದರೆ ಶಿಕ್ಷಕಿಗೆ ಕೈಮುಗಿಯೋಣ. ಓದದಿದ್ದರೆ, ಮುಂದಿನ ವರ್ಷದ ದೇಣಿಗೆ ಎಲ್ಲಿಗೆ ಹೋಗಬೇಕೆಂಬುದು ಆಗಲೇ ತಿಳಿದಿರುತ್ತದೆ.